ಎಡಬಾಗಿಲಿನ ಬೋಲ್ಟು

ನಮ್ಮ ಮನೆಯ ಹೊಲಿಗೆ ಡಬ್ಬಿಯಲ್ಲಿ ಹೊಲಿಗೆಗೆ ಯಾವ ಸಂಬಂಧವೂ ಇಲ್ಲದ ಒಂದು ವಸ್ತುವಿದೆ. ನೂಲಿನ ಉಂಡೆ, ಗುಂಡಿ, ಸೂಜಿಗಳ ನಡುವೆ ಒಂದು ಕಬ್ಬಿಣದ ಬೋಲ್ಟು. ಕಿರುಬೆರಳಿನಷ್ಟು ಉದ್ದ, ತಲೆ ಸವೆದಿದೆ, ಮೈಗೆಲ್ಲ ತುಕ್ಕು. ಮೊನ್ನೆ ಪಕ್ಕದ ಮನೆಯ ಸೊಸೆ ಸೂಜಿ ಕೇಳಲು ಬಂದವಳು ಡಬ್ಬಿ ಕೆದಕುತ್ತ, "ಅಜ್ಜೀ, ಇದ್ಯಾವ್ದೋ ತುಕ್ಕು ಹಿಡ್ದಿರೋದು ಬಿದ್ದೈತೆ, ಬಿಸಾಕ್ಬುಡ್ಲಾ?" ಎಂದಳು. ಮಂಡಿನೋವು ಎಂದು ಬೆಳಗಿನಿಂದ ಗೋಡೆಗೊರಗಿ ಕೂತಿದ್ದ ನಾನು ಎದ್ದು ಹೋಗಿ ಅದನ್ನು ಅವಳ ಕೈಯಿಂದ ಕಿತ್ತುಕೊಂಡ ವೇಗ ನೋಡಿ ಅವಳಿಗೆ ಆಶ್ಚರ್ಯವಾಯಿತೋ, ನನ್ನ ಮಂಡಿನೋವಿನ ಮೇಲೇ ಅನುಮಾನ ಬಂತೋ ಗೊತ್ತಿಲ್ಲ. ಸೂಜಿಯನ್ನೂ ಮರೆತು ಹೊರಟುಹೋದಳು. ಅವಳಿಗೆ ಹೇಳದ ಕಥೆಯನ್ನು ನಿಮಗಾದರೂ ಹೇಳುತ್ತೇನೆ.

ಮೊದಲು ನನ್ನ ಒಂದು ಕೆಟ್ಟ ಗುಣವನ್ನು ಒಪ್ಪಿಕೊಂಡುಬಿಡಬೇಕು. ಅರೆಬರೆ ಕೆಲಸ ಕಂಡರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಮದುವೆ ಮನೆಗೆ ಹೋದರೆ ಎಲ್ಲರೂ ಮದುಮಗಳನ್ನು ನೋಡುತ್ತಾರೆ. ನಾನು ಚಪ್ಪರದ ಕಂಬಕ್ಕೆ ಬಾಳೆಕಂದು ನೆಟ್ಟಗೆ ಕಟ್ಟಿದ್ದಾರೆಯೇ ಎಂದು ನೋಡುತ್ತೇನೆ. ಯಾರ ಮನೆಯಲ್ಲಾದರೂ ಬಾಗಿಲು ಕಿರ್ರ್ ಎಂದರೆ ಆಡುತ್ತಿದ್ದ ಮಾತು ನಿಲ್ಲಿಸಿ, "ಒಂದ್ ತೊಟ್ಟು ಹರಳೆಣ್ಣೆ ಐತೇನಮ್ಮ?" ಎಂದು ಕೇಳುತ್ತೇನೆ. "ನಿನ್ ಕಿವೀಲಿ ಒಬ್ಬ ಪೋಲೀಸ್ನೋನು ಕುಂತವ್ನೆ ಕಣೇ" ಎಂದು ನಮ್ಮ ಯಜಮಾನರು ಹೇಳುತ್ತಿದ್ದರು.

ಆ ಪೋಲೀಸಿನವನನ್ನು ಅಲ್ಲಿ ಕೂರಿಸಿದವರು ನಮ್ಮಪ್ಪ. ಕಳ್ಳಂಬೆಳ್ಳದಲ್ಲಿ ನಮ್ಮಪ್ಪನಿಗೆ ಕಡಲೆಕಾಯಿ ವ್ಯಾಪಾರ. ಸಂತೆಗೆ ಸಿರಾಕ್ಕೆ ಹೋಗುವಾಗ ಗಾಡಿಯಲ್ಲಿ ಚೀಲಗಳ ಮೇಲೆ ನನ್ನನ್ನೂ ಕೂರಿಸಿಕೊಳ್ಳುತ್ತಿದ್ದರು. ಕೆರೆ ಏರಿ ದಾಟುವಷ್ಟರಲ್ಲಿ ಚಕ್ರ ಎಲ್ಲೋ ಕುಂಯ್ ಎಂದರೆ ಸಾಕು, ಎತ್ತು ನಿಲ್ಲಿಸಿ ಇಳಿದು, ನೊಗದ ಕೆಳಗೆ ತೂಗುಬಿಟ್ಟಿದ್ದ ಬಿದಿರಿನ ಗೊಟ್ಟದಿಂದ ಕೀಲೆಣ್ಣೆ ತೆಗೆದು ಹಚ್ಚುತ್ತಿದ್ದರು. ಹಿಂದೆ ಬರುವ ಗಾಡಿಯವರು ಎಷ್ಟು ಬೈದರೂ ಅವರು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. "ಗಾಡಿ ಸುಮ್ಸುಮ್ನೆ ಮಾತಾಡಕಿಲ್ಲ ಕಣಮ್ಮ. ಮಾತಾಡ್ತೈತೆ ಅಂದ್ರೆ ಏನೋ ಕೇಳ್ತೈತೆ ಅಂತ" ಎನ್ನುತ್ತಿದ್ದರು.

ಗೋಣಿಚೀಲದ ಬಾಯಿ ಹೊಲಿಯುವುದನ್ನು ಕಲಿಸಿದವರೂ ಅವರೇ. ಅಂಗೈ ಉದ್ದದ ದಬ್ಬಣ, ಅದರ ಕಣ್ಣಿಗೆ ಹುರಿ. ಎರಡು ಮೂಲೆಯಲ್ಲೂ ಹಿಡಿದೆತ್ತಲು ಕಿವಿ ಬಿಟ್ಟು, ನಡುವೆ ಬಿಗಿಯಾಗಿ ಎಳೆದೆಳೆದು ಹೊಲಿಯಬೇಕು. ಒಂದು ದಿನ ಚೌಕಾಬಾರದ ಆಸೆಗೆ ನಾನು ಒಂದು ಚೀಲವನ್ನು ಅರ್ಧ ಹೊಲಿದು ಎದ್ದುಹೋದೆ. ಹಮಾಲಿಯವನು ಬೆನ್ನಿಗೇರಿಸಿದ್ದೇ ತಡ, ಅಂಗಳದ ತುಂಬ ಕಡಲೆಕಾಯಿ. ಅಪ್ಪ ಹೊಡೆಯಲಿಲ್ಲ. ಪಕ್ಕದಲ್ಲಿ ಕೂತು ನನ್ನ ಜೊತೆಯೇ ಆರಿಸುತ್ತ ಹೇಳಿದರು: "ಬಾಯ್ ಬಿಟ್ಕಂಡಿರೋ ಚೀಲನ ಹುಷಾರಾಗಿ ಹೊರ್ತಾರೆ. ಅರ್ಧ ಹೊಲ್ದಿರೋದನ್ನ ನಂಬ್ಕಂಡು ಹೊರ್ತಾರೆ. ಚೆಲ್ಲೋದು ಅದೇ ಕಣಮ್ಮ." ಈ ಮಾತು ಬೇಕಾದಾಗ ನೆನಪಿಗೆ ಬಂದಿದ್ದರೆ ನನ್ನ ಹತ್ತಿರ ಈ ಬೋಲ್ಟೂ ಇರುತ್ತಿರಲಿಲ್ಲ, ನಿಮಗೆ ಈ ಹರಟೆಯೂ ಇರುತ್ತಿರಲಿಲ್ಲ.

ಮದುವೆಯಾಗಿ ಮಧುಗಿರಿಗೆ ಬಂದೆ. ಯಜಮಾನರದು ಹುಣಸೆಹಣ್ಣಿನ ಮಂಡಿ. ಮನೆಯಲ್ಲಿ ನಾನು, ಅವರು, ನಮ್ಮತ್ತೆ. ಮದುವೆಯಾದ ನಾಲ್ಕನೆಯ ವರ್ಷವೋ ಏನೋ, ವರ್ಗವಾಗಿ ಹೋಗುತ್ತಿದ್ದ ಒಬ್ಬ ಇಂಜಿನಿಯರ್ ಸಾಹೇಬರಿಂದ ಯಜಮಾನರು ಒಂದು ಹಳೆಯ ಕಾರು ಕೊಂಡರು. ಆಗ ಮಧುಗಿರಿಯಲ್ಲಿದ್ದ ಕಾರುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ನಮ್ಮದು ತಗಡಿನ ಮಾಡು, ಗಾಜಿನ ಕಿಟಕಿ ಇದ್ದ ಕಾರು. ನಡೆಸಲು ಸಿರಾದ ಬುಡೇನ್ ಸಾಬರು ಬಂದರು. ಮೊದಲ ದಿನ ನಮ್ಮತ್ತೆ ಕಾರಿಗೆ ಕೈಮುಗಿದು, ಚಪ್ಪಲಿ ಕೆಳಗೆ ಬಿಟ್ಟು ಹತ್ತಿದರು. ಕೊರಟಗೆರೆಯಲ್ಲಿ ಇಳಿದು ಬಿಸಿಲಲ್ಲಿ ಕಾಲು ಸುಟ್ಟುಕೊಂಡಾಗಲೇ ಚಪ್ಪಲಿ ಮಧುಗಿರಿಯ ನಮ್ಮ ಮನೆ ಮುಂದೆ ಕಾಯುತ್ತಾ ಕೂತಿದೆ ಎಂದು ಎಲ್ಲರಿಗೂ ಹೊಳೆದದ್ದು.

ಆ ಕಾಲದಲ್ಲಿ ಗಂಡಸರಿಗೆ ಕಾರು ಎಂದರೆ ಇಂಜಿನ್ನು. ಮನೆಗೆ ಬಂದವರಿಗೆಲ್ಲ ಯಜಮಾನರು ಬಾನೆಟ್ಟು ಎತ್ತಿ ತೋರಿಸುತ್ತಿದ್ದರು. ಬಂದವರೂ ಹೆಣ್ಣು ನೋಡಲು ಬಂದವರಂತೆ ಗಂಭೀರವಾಗಿ ಬಗ್ಗಿ ನೋಡಿ, ಏನೂ ತಿಳಿಯದಿದ್ದರೂ ತಲೆ ಆಡಿಸುತ್ತಿದ್ದರು. ಕಾರಿಗೆ ಒಳಗಡೆ ಎಂಬುದೊಂದು ಇದೆ, ಅಲ್ಲಿ ಮನುಷ್ಯರು ಕೂರುತ್ತಾರೆ ಎಂಬುದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಒಳಗೆ ಕೂರುವವರು ಹೆಂಗಸರು ತಾನೆ? ಮೊಳೆಗೆ ಸಿಕ್ಕಿ ಹರಿಯುವುದು ಅವರ ಸೀರೆ ತಾನೆ?

ಒಂದು ಬೇಸಗೆಯಲ್ಲಿ ಗೇರು ಕೆಟ್ಟಿತು. ಎಡಗಡೆಯ ಹಿಂದಿನ ಬಾಗಿಲು ಒಳಗಿನಿಂದ ತೆರೆಯುವುದನ್ನೂ ನಿಲ್ಲಿಸಿತು. ಕಾರು ಬೆಂಗಳೂರಿನ ಯಾವುದೋ ವರ್ಕ್‌ಷಾಪಿಗೆ ಹೋಗಿ ಇಪ್ಪತ್ತು ದಿನ ಇದ್ದು ಬಂತು. ಹೊರಗೆ ಬಣ್ಣ ಬಳಿದಿದ್ದರು, ಹಿತ್ತಾಳೆ ತಿಕ್ಕಿದ್ದರು. ನಾನು ಒಳಗೆ ಕೂತು ನೋಡುತ್ತೇನೆ, ಮೇಲೆ ಥಳಕು ಒಳಗೆ ಹುಳುಕು! ಹಿಂದಿನ ಸೀಟನ್ನು ತಿರುಗಾಮುರುಗಾ ಕೂರಿಸಿದ್ದರಿಂದ ಕೂತವರು ಮುಂದಕ್ಕೆ ಜಾರಿ, ಯಾರಿಗೋ ಅಡ್ಡಬೀಳಲು ಹೊರಟವರಂತೆ ಕಾಣುತ್ತಿದ್ದರು. ಕಿಟಕಿಯ ಹಿಡಿಯನ್ನು ತಲೆಕೆಳಗು ಹಾಕಿದ್ದರು. ಮಾಡಿನ ಒಳಬಟ್ಟೆ ಒಂದು ಮೂಲೆಯಲ್ಲಿ ಕಿತ್ತು ಜೋತಾಡುತ್ತಿತ್ತು, ಅದರ ಮೇಲೆ ಯಾವನೋ ಪುಣ್ಯಾತ್ಮನ ಐದು ಬೆರಳಿನ ಗ್ರೀಸಿನ ಗುರುತು. ಒಂದು ಸ್ಕ್ರೂ ಇರಬೇಕಾದ ಕಡೆ ಬೆಂಕಿಕಡ್ಡಿ ಸಿಕ್ಕಿಸಿದ್ದರು. ಅದನ್ನು ನೋಡಿ ನನಗೆ ಬಂದ ಸಿಟ್ಟು ನನ್ನ ಗಂಡನ ಮೇಲೂ ಯಾವತ್ತೂ ಬಂದಿರಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಆ ಎಡಬಾಗಿಲು. ಅದರ ಒಳಮೈಗೆ ಒಂದು ಹಲಗೆ, ಹಲಗೆಯ ಮೇಲೆ ಕಂದು ಚರ್ಮದ ಒಂದು ದೊಡ್ಡ ಜೇಬು. ಬೀಗ ಸರಿಮಾಡಲು ಹಲಗೆ ಬಿಚ್ಚುವ ಬದಲು ಅವರು ಜೇಬಿನ ಹಿಂದೆಯೇ ಹಲಗೆಯನ್ನು ಕೊಯ್ದು ಒಂದು ತೂತು ಮಾಡಿದ್ದರು. ಕೆಲಸ ಮುಗಿದ ಮೇಲೆ ತೂತನ್ನು ಹಾಗೆಯೇ ಬಿಟ್ಟಿದ್ದರು. ಜೇಬು ಮರೆಮಾಡುತ್ತದಲ್ಲ! ಜೊತೆಗೆ ಒಂದು ಬೋಲ್ಟನ್ನು ಬಾಗಿಲ ಹೊಟ್ಟೆಯೊಳಗೇ ಬೀಳಿಸಿ ಮರೆತಿದ್ದರು. ಕಾರು ಹೊರಟರೆ ಅದು ಲೊಟಲೊಟ, ಲೊಟಲೊಟ.

"ಗಾಡಿ ಏಕ್‌ದಂ ಬೆಣ್ಣೆ ಆಗೈತೆ ಅಮ್ಮಾ" ಎಂದರು ಬುಡೇನ್ ಸಾಬರು.

"ಒಳಗಡೆ ನೋಡಿದ್ರಾ ಸಾಬ್ರೇ?"

"ಒಳಗಿಂದು ಕ್ಯಾ ಹೈ ಅಮ್ಮಾ, ನಾಕ್ ದಿನ ಕುಂತ್ರೆ ಅದೇ ಸರಿಹೋಗ್ತೈತೆ."

ಅದೇ ಸರಿಹೋಗುವ ವಸ್ತು ಈ ಲೋಕದಲ್ಲಿ ಒಂದಾದರೂ ಇದೆಯೇ, ನೀವೇ ಹೇಳಿ. ಮಾರನೆಯ ದಿನ ಊಟದ ಪಾತ್ರೆ ಎತ್ತಿಟ್ಟವಳೇ ದಬ್ಬಣ, ಹುರಿ, ಕತ್ತರಿ ತೆಗೆದುಕೊಂಡು ಕಾರಿನೊಳಗೆ ಹೋಗಿ ಕೂತೆ. ಸೀಟು ತಿರುಗಿಸಿ ಹಾಕಿದೆ. ಸ್ಪ್ರಿಂಗು ಚುಚ್ಚುವ ಕಡೆ ತೆಂಗಿನ ನಾರು ತುಂಬಿ ಹೊಲಿದೆ. ಹುಣಸೆಬೀಜ ಅರೆದು ಕುದಿಸಿ ಅಂಟು ಮಾಡಿ, ಜೋತಾಡುತ್ತಿದ್ದ ಮಾಡಿನ ಬಟ್ಟೆ ಮೆತ್ತಿದೆ. ಮಂಡಿಯವರ ಮನೆಯಲ್ಲಿ ಹುಣಸೆಬೀಜಕ್ಕೇನು ಬರ? ಗ್ರೀಸಿನ ಕೈಗುರುತಿಗೆ ಅಂಟುವಾಳದ ನೊರೆ. ನಾಲ್ಕು ಬೆರಳು ಹೋದವು, ಹೆಬ್ಬೆಟ್ಟು ಮಾತ್ರ ಕೊನೆಯವರೆಗೂ ಉಳಿಯಿತು, ರುಜು ಬಾರದವರು ಒತ್ತಿದ ಹಾಗೆ. ಕಿಟಕಿ ಹಿಡಿಯನ್ನು ಸಾಬರಿಂದಲೇ ತಿರುಗಿಸಿ ಹಾಕಿಸಿದೆ. ಬಾಗಿಲ ತೂತಿಗೆ ಮೋಚಿಯಿಂದ ಒಂದು ತುಂಡು ಚರ್ಮ ತರಿಸಿ ತೇಪೆ ಹಾಕಿದೆ. ಹಾಕಿದ್ದೇನೋ ಸರಿ, ಬೋಲ್ಟು ಒಳಗೇ ಉಳಿಯಿತು. ಹಲಗೆ ಬಿಚ್ಚೋಣ ಎಂದರೆ ಯಜಮಾನರು, "ಬಿಚ್ಚಿದ್ರೆ ಗಾಜು ಕಳಚ್ಕಂತದೆ, ಇನ್ನೊಂದು ದಪ ಬೆಂಗ್ಳೂರಿಗೆ ಹೋದಾಗ ಅವ್ರೇ ತೆಗೀತಾರೆ ಬುಡು" ಎಂದರು.

ನಮ್ಮತ್ತೆ ಇದನ್ನೆಲ್ಲ ಜಗಲಿಯಿಂದ ನೋಡುತ್ತಿದ್ದರು. ಅವರು ಒಳ್ಳೆಯವರು, ಆದರೆ ಬಾಯಿ ಒಗ್ಗರಣೆ ಸೌಟು. "ಲೇ ಮಲ್ಲಣ್ಣ, ಬೇರೆಯೋರ್ ಮನೇಲಿ ಸೊಸೆ ರವಿಕೆ ಹೊಲೀತಾಳೆ, ನಮ್ಮನೇಲಿ ಕಾರು ಹೊಲೀತಾಳೆ. ಮುದ್ದೆ ಕಟ್ಟೋಕೆ ಸಾಬ್ರನ್ನ ಕರೀ ಹೋಗು!" ಎಂದು ಮಗನನ್ನು ಕೂಗುತ್ತಿದ್ದರು. ಬೀದಿಯ ಹೆಂಗಸರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ನಿಜ ಹೇಳಬೇಕೆಂದರೆ ಒಳಗೆ ಚುರ್ರೆನ್ನುತ್ತಿತ್ತು. ಅದೇ ಸೀಟಿನ ಮೇಲೆ ಅವರು ಸುಖವಾಗಿ ಕೂತು ನೆಂಟರ ಮನೆಗೆ ಹೋಗಿಬರುತ್ತಿದ್ದರು. ಒಂದು ದಿನವೂ ‘ಈಗ ಮೆತ್ತಗೈತೆ’ ಎಂದವರಲ್ಲ.

ಆ ಜೇಬಿನ ಬಗ್ಗೆ ಇನ್ನೊಂದು ಮಾತು. ಯಜಮಾನರು ಅದರಲ್ಲಿ ನಶ್ಯದ ಡಬ್ಬಿಯನ್ನೂ ನಶ್ಯ ಒರೆಸಿದ ಕರವಸ್ತ್ರವನ್ನೂ ಇಡುತ್ತಿದ್ದರು. ಅದಕ್ಕೆ ಅತ್ತೆ ಅದನ್ನು ‘ಮೈಲಿಗೆ ಜೇಬು’ ಎಂದು ಕರೆದು, ಪಕ್ಕದಲ್ಲೇ ಕೂತರೂ ಅದರೊಳಗೆ ಬೆರಳು ಹಾಕುತ್ತಿರಲಿಲ್ಲ. ಲಿಂಗ ಕಟ್ಟಿದವರಿಗೆ ಮೈಲಿಗೆ ಇಲ್ಲ ಎಂದು ಹಿರಿಯರು ಎಂದೋ ಹೇಳಿಬಿಟ್ಟಿದ್ದಾರೆ. ನಮ್ಮತ್ತೆ ಅದನ್ನು ಒಪ್ಪುತ್ತಿದ್ದರು, ನಶ್ಯವೊಂದನ್ನು ಬಿಟ್ಟು.

ಇರಲಿ. ಬೋಲ್ಟಿನ ಲೊಟಲೊಟ ನನ್ನ ನಿದ್ದೆಯಲ್ಲೂ ಕೇಳಲು ಶುರುವಾಯಿತು. ಒಂದು ಶನಿವಾರ ತಡೆಯಲಾರದೆ ತೇಪೆಯನ್ನು ಪೂರ್ತಿ ಬಿಚ್ಚಿ, ಇಕ್ಕಳದಿಂದ ಬೋಲ್ಟು ಹಿಡಿಯಲು ಹೊರಟೆ. ಇಕ್ಕಳ ಮುಟ್ಟುತ್ತಿತ್ತು, ಹಿಡಿಯುತ್ತಿರಲಿಲ್ಲ. ಅಷ್ಟರಲ್ಲಿ ಪಾವಗಡದಿಂದ ಚಿಕ್ಕತ್ತೆ, ಅಂದರೆ ನಮ್ಮತ್ತೆಯ ತಂಗಿ, ಬುಟ್ಟಿ ಗಂಟುಗಳ ಸಮೇತ ಬಂದಿಳಿದರು. "ಏಮಮ್ಮಾ ಗಿರಿಜಾ, ಕಾರೊಳಗೆ ಏಂ ಚೇಸ್ತಾ ಕುಂತಿದೀಯ?" ಎಂದು ತಮ್ಮ ಪಾವಗಡದ ತೆಲುಗು ಬೆರೆತ ಕನ್ನಡದಲ್ಲಿ ಕೂಗಿದರು. ನಾನು ಗಡಿಬಿಡಿಯಲ್ಲಿ ತೇಪೆಯ ಮೇಲಂಚಿಗೆ ಎರಡೇ ಎರಡು ಹೊಲಿಗೆ ಹಾಕಿ, ಉಳಿದದ್ದು ನಾಳೆ ಹೊಲಿದರಾಯಿತು ಎಂದು ಎದ್ದೆ. ತೇಪೆ ಬಾಗಿಲ ಪರದೆಯ ಹಾಗೆ ಕೆಳಗೆ ಸಡಿಲವಾಗಿ ನೇತಾಡುತ್ತಿತ್ತು. ನಾಳೆ ಬಂದಾಗ ಚಿಕ್ಕತ್ತೆಗೆಂದು ಹೋಳಿಗೆ, ಒಬ್ಬಟ್ಟಿನ ಸಾರು. ಜೇಬು ಮರೆತೇಹೋಯಿತು.

ಸೋಮವಾರ ಅಕ್ಕತಂಗಿಯರಿಬ್ಬರೂ ಸಿದ್ದರಬೆಟ್ಟಕ್ಕೆ ಹೊರಟರು. ಬೆಟ್ಟ ಹತ್ತಿ ಸಿದ್ದೇಶ್ವರನ ದರ್ಶನ ಮಾಡಿ, ದಣಿದು, ಕಾರಿನಲ್ಲಿ ನಿದ್ದೆ ಮಾಡಿಕೊಂಡು ಮಧ್ಯಾಹ್ನಕ್ಕೆ ಮನೆಗೆ ಬಂದರು. ಅತ್ತೆ ಮುಖ ತೊಳೆದು, ಊಟಕ್ಕೆ ಮುಂಚಿನ ಲಿಂಗಪೂಜೆಗೆ ಕೂತವರು ಎದೆಯ ಮೇಲೆ ಕೈಯಿಟ್ಟುಕೊಂಡು ಹಾಗೇ ಉಳಿದರು. ಸೆರಗು ಸರಿಸಿ ನೋಡಿದರು. ಕೊರಳಲ್ಲಿ ಶಿವದಾರವಿಲ್ಲ. ದಾರದಲ್ಲಿ ನೇತಾಡುತ್ತಿದ್ದ ಬೆಳ್ಳಿಯ ಕರಡಿಗೆಯಿಲ್ಲ. ಕರಡಿಗೆಯೊಳಗಿನ ಇಷ್ಟಲಿಂಗವೂ ಇಲ್ಲ.

ನಮ್ಮವರಿಗೆ ಇದು ಎಂಥ ಮಾತು ಎಂದು ಬೇರೆಯವರಿಗೆ ಹೇಳುವುದು ಕಷ್ಟ. ಒಡವೆ ಕಳೆದರೆ ಅಳುತ್ತಾರೆ. ಲಿಂಗ ಕಳೆದರೆ ಅಳುವುದೂ ಇಲ್ಲ. ಅತ್ತೆ ಎದ್ದು ಹೋಗಿ ನಡುಮನೆಯ ಕಂಬಕ್ಕೆ ಒರಗಿ ಕೂತರು. ನಾನು ತಂದ ನೀರಿನ ಚೊಂಬನ್ನು ಕೈಯಿಂದ ಪಕ್ಕಕ್ಕೆ ಸರಿಸಿದರು. ಲಿಂಗ ಸಿಕ್ಕುವವರೆಗೆ ಅನ್ನವಿಲ್ಲ, ನೀರಿಲ್ಲ.

ಬೆಟ್ಟ ಹತ್ತುವಾಗ ಬಂಡೆಗಳ ಸಂದಿಯಲ್ಲಿ ಬಿದ್ದಿರಬೇಕು ಎಂದು ಎಲ್ಲರೂ ಅಂದರು. ಯಜಮಾನರು ಆಗಲೇ ಬೆಟ್ಟಕ್ಕೆ ಓಡಿ, ಕತ್ತಲಾಗುವವರೆಗೂ ಹುಡುಕಿ ಬರಿಗೈಯಲ್ಲಿ ಬಂದರು. ಕಾರಿನ ಸೀಟು, ಕಾಲ ಬುಡ ಎಲ್ಲ ನೋಡಿದರು. ಜೇಬಿನ ಕಡೆ ಕೈ ಹೋದಾಗ ಚಿಕ್ಕತ್ತೆಯೇ ತಡೆದರು: "ಅದ್ರಾಗೆ ಯಾಕ್ ನೋಡ್ತೀಯಪ್ಪಾ? ಶಿವ ಹೋಗಿ ಹೋಗಿ ನಶ್ಯದ ಜೇಬಲ್ಲಿ ಕೂತ್ಕಂತಾಡಾ?" ಸರಿ ತಾನೆ ಎಂದು ಯಜಮಾನರು ಕೈ ಹಿಂದಕ್ಕೆಳೆದುಕೊಂಡರು. ನಾನೂ ಅಲ್ಲೇ ನಿಂತಿದ್ದೆ, ಹೌದೆನ್ನಿಸಿತು. ಪವಿತ್ರವಾದದ್ದು ಪವಿತ್ರವಾದ ಜಾಗದಲ್ಲೇ ಕಳೆದುಹೋಗುತ್ತದೆ ಎಂದು ನಂಬಿ, ಹುಡುಕಬೇಕಾದ ಒಂದೇ ಒಂದು ಜಾಗವನ್ನು ನಾವೆಲ್ಲ ಸೇರಿ ಬಿಟ್ಟೆವು.

ಆ ಮಧ್ಯಾಹ್ನವೇ ನಮ್ಮ ಮನೆಯ ಗುರುಗಳಾದ ಅಯ್ಯನವರು ಬಂದು, "ತಾಯಿ, ಹೊಸ ಲಿಂಗ ಕಟ್ಟೋಣ, ಅದಕ್ಕೂ ದಾರಿ ಐತೆ" ಎಂದು ಸಮಾಧಾನ ಹೇಳಿದರು. ಅತ್ತೆ ಮೆಲ್ಲಗೆ ಅಂದರು: "ತೊಟ್ಟಿಲಲ್ಲಿದ್ದಾಗ ಕಟ್ಟಿದ್ದು ಸ್ವಾಮಿ. ನನ್ ಮದ್ವೆ ನೋಡೈತೆ, ನಮ್ಮೆಜಮಾನ್ರು ಹೋಗಿದ್ದು ನೋಡೈತೆ. ಅದು ಎಲ್ಲೋ ಬಂಡೆ ಸಂದೀಲಿ ಬಿಸ್ಲಲ್ಲಿ ಬಿದ್ದಿರುವಾಗ ನಾನಿಲ್ಲಿ ನೆಳ್ಳಲ್ಲಿ ಕುಂತು ನೀರು ಕುಡೀಲಾ?"

ಬೆಳಗಾಗುವ ಹೊತ್ತಿಗೆ ಅತ್ತೆಯ ತುಟಿ ಒಣಗಿ ಬಿರಿದಿತ್ತು. ಸುಡು ಬೇಸಗೆ, ಅರವತ್ತರ ಹತ್ತಿರದ ಜೀವ. "ಅಕ್ಕಾ, ಕೊಂಚೆಂ ನೀಳ್ಳು ತಾಗಕ್ಕಾ, ಒಂದ್ ಗುಟುಕು ಕುಡಿಯಕ್ಕಾ, ಶಿವ ಏನೂ ಅನ್ಕಳಲ್ಲ" ಎಂದು ಚಿಕ್ಕತ್ತೆ ಕಾಲು ಹಿಡಿದು ಅಳುತ್ತಿದ್ದರು. ಆ ಒಗ್ಗರಣೆ ಸೌಟಿನ ಬಾಯಿಂದ ಒಂದು ಚಟಪಟವೂ ಇಲ್ಲ. ನನ್ನನ್ನು ಹಂಗಿಸಲು ಇದೊಂದು ಬಾಯಿ ಇಲ್ಲದಿದ್ದರೆ ಈ ಮನೆಯಲ್ಲಿ ನನ್ನ ಗತಿಯೇನು ಎಂದು ಮೊದಲ ಬಾರಿಗೆ ಹೆದರಿಕೆಯಾಯಿತು. ಅವರನ್ನು ನಾನು ಎಷ್ಟು ಹಚ್ಚಿಕೊಂಡಿದ್ದೆ ಎಂಬುದು ನನಗೆ ಗೊತ್ತಾದದ್ದು ಆ ಬೆಳಿಗ್ಗೆ. "ನಾನೂ ಬೆಟ್ಟಕ್ಕೆ ಬರ್ತೀನಿ" ಎಂದು ಹಟ ಹಿಡಿದು ಕಾರು ಹತ್ತಿದೆ. ಅತ್ತೆ ಕೂರುವ ಎಡಗಡೆಯ ಜಾಗದಲ್ಲೇ ಕೂತೆ, ಪಕ್ಕದಲ್ಲಿ ಯಜಮಾನರು.

ಊರು ದಾಟಿ ಕೊರಟಗೆರೆಯ ದಾರಿ ಹಿಡಿಯಿತು ಕಾರು. ಕಲ್ಲುಮಣ್ಣಿನ ರಸ್ತೆ, ಹಳ್ಳದಿಣ್ಣೆ. ನನಗೆ ಏನೋ ಇಲ್ಲ ಎನ್ನಿಸುತ್ತಿದೆ, ಏನು ಎಂದು ತಿಳಿಯುತ್ತಿಲ್ಲ. ಮುಂದಿನ ಸೀಟಿನ ಕರಕರ ಇದೆ. ಹಿಂದಿನ ಗಾಜಿನ ಟಕಟಕ ಇದೆ. ಒಂದು ದೊಡ್ಡ ಗುಂಡಿಗೆ ಚಕ್ರ ಇಳಿದು ಎದ್ದಾಗ ಹೊಳೆಯಿತು. ಎಡಬಾಗಿಲು ಸುಮ್ಮನಿದೆ.

"ಸಾಬ್ರೇ, ಬಾಗ್ಲೊಳಗಿನ ಬೋಲ್ಟು ತೆಗೆದ್ರಾ?"

"ಖುದಾ ಕಸಂ, ನಾನು ಮುಟ್ಟೇ ಇಲ್ಲ ಅಮ್ಮಾ."

"ಏನೂಂದ್ರೆ, ನೀವು?"

"ಬೋಲ್ಟಿನ ಚಿಂತೆ ಮಾಡೋ ಹೊತ್ತೇನೇ ಇದು?" ಎಂದು ಯಜಮಾನರು ರೇಗಿದರು.

ಅಪ್ಪನ ಗಾಡಿ ನೆನಪಾಯಿತು. ಸದ್ದು ಮಾಡಿದರೆ ಏನೋ ಕೇಳುತ್ತದೆ ಎಂದರೆ, ಮಾಡುತ್ತಿದ್ದ ಸದ್ದು ನಿಲ್ಲಿಸಿದರೆ? ಬೋಲ್ಟು ತಾನಾಗಿ ಹೊರಗೆ ಬರುವುದಿಲ್ಲ. ಏನೋ ಅದರ ಮೇಲೆ ಕೂತು ಬಾಯಿ ಮುಚ್ಚಿಸಿದೆ. ಏನು ಕೂತಿರಬಹುದು, ಯಾವ ದಾರಿಯಲ್ಲಿ ಒಳಗೆ ಹೋಗಿರಬಹುದು? ನಿದ್ದೆಯಲ್ಲಿ ಈ ಬಾಗಿಲಿಗೆ ಒರಗಿದ್ದ ಅತ್ತೆ, ಬಾಯಿ ತೆರೆದ ಜೇಬು, ಅದರೊಳಗೆ ನನ್ನ ಎರಡೇ ಹೊಲಿಗೆಯ ತೇಪೆ, ಎಲ್ಲ ಕಣ್ಣ ಮುಂದೆ ಬಂದವು.

"ಗಾಡಿ ನಿಲ್ಸಿ" ಎಂದೆ. ನನ್ನ ದನಿ ಕೇಳಿ ಸಾಬರು ಯಜಮಾನರ ಅಪ್ಪಣೆಗೂ ಕಾಯದೆ ಹೊಂಗೆಮರದ ಕೆಳಗೆ ನಿಲ್ಲಿಸಿದರು. ಜೇಬಿನಿಂದ ನಶ್ಯದ ಡಬ್ಬಿ, ಕರವಸ್ತ್ರ ಎಲ್ಲ ತೆಗೆದು ಯಜಮಾನರ ತೊಡೆಯ ಮೇಲೆ ಹಾಕಿದೆ. ತೇಪೆ ಎತ್ತಿ, ಬಳೆಗಳನ್ನು ಮೇಲಕ್ಕೆ ತಳ್ಳಿ, ತೂತಿನೊಳಗೆ ಕೈ ತುರುಕಿದೆ. ಮೊಣಕೈವರೆಗೆ ಹೋಗಬೇಕಿತ್ತು. ಹಲಗೆಯ ಅಂಚಿಗೆ ತಗುಲಿ ಎರಡು ಗಾಜಿನ ಬಳೆ ಒಡೆದು ಒಳಗೇ ಬಿದ್ದವು. ಬೆರಳ ತುದಿಗೆ ಮೊದಲು ಸಿಕ್ಕಿದ್ದು ದಾರ. ಮೆಲ್ಲಗೆ ಎಳೆದೆ. ಏನೋ ಭಾರವಾದದ್ದು ಹಿಂದೆಯೇ ಬಂತು. ಗಾಜು ಇಳಿಯುವ ಕಂಬಿಗೂ ತಗಡಿಗೂ ನಡುವೆ ಬೋಲ್ಟನ್ನು ಒತ್ತಿಕೊಂಡು ಕೂತಿದ್ದ ಬೆಳ್ಳಿಯ ಕರಡಿಗೆ, ಮುಚ್ಚಳ ಹಾಕಿದ್ದು ಹಾಕಿದಂತೆಯೇ, ನನ್ನ ಕೈಗೆ ಬಂತು. ಬೋಲ್ಟೂ ಅದರ ಹಿಂದೆ ಲೊಟ್ಟೆಂದು ಉರುಳಿ ಬೆರಳಿಗೆ ಸಿಕ್ಕಿತು.

ಯಜಮಾನರು ನೋಡುತ್ತಲೇ ಇದ್ದರು. ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡು ನಶ್ಯದ ಕರವಸ್ತ್ರದಲ್ಲೇ ಕಣ್ಣೊರೆಸಿಕೊಂಡರು. ಅದರಿಂದ ಕಣ್ಣೀರು ಇನ್ನೂ ಜಾಸ್ತಿಯಾಯಿತು. ಬುಡೇನ್ ಸಾಬರು ಇಳಿದು ಎರಡೂ ಕೈ ಆಕಾಶಕ್ಕೆ ಎತ್ತಿ, ಬಂದವರೇ ಕಾರನ್ನು ಮಧುಗಿರಿಯ ಕಡೆ ತಿರುಗಿಸಿದ ರೀತಿಯಲ್ಲಿ ಗೇರು ಮತ್ತೆ ಬೆಂಗಳೂರು ನೋಡಬೇಕಾಗುತ್ತದೆ ಎಂದುಕೊಂಡೆ. ಒಬ್ಬರ ಲಿಂಗವನ್ನು ಇನ್ನೊಬ್ಬರು ಕೈಯಲ್ಲಿ ಹಿಡಿಯಬಾರದು. ಕರಡಿಗೆ ತೆರೆಯದೆ, ಸೆರಗಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ಕೂತೆ. ದಾರಿಯುದ್ದಕ್ಕೂ ಎಡಬಾಗಿಲು ಹೊಸ ಸದ್ದು ಮಾಡುತ್ತಿತ್ತು, ಕಿಣಿಕಿಣಿ. ನನ್ನ ಬಳೆ ಚೂರುಗಳು. ಬೆಂಗಳೂರಿನವರು ಬೋಲ್ಟು ಬಿಟ್ಟಿದ್ದರು, ನಾನು ಬಳೆ ಬಿಟ್ಟೆ. ಆ ಚೂರುಗಳು ಕಾರು ಮಾರುವವರೆಗೂ ಅಲ್ಲೇ ಇದ್ದವು.

ಅತ್ತೆ ಕರಡಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಸ್ನಾನ ಮಾಡಿ, ವಿಭೂತಿ ಇಟ್ಟು, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತರು. ಆಮೇಲೆ ಪೂಜೆಯ ನೀರು ಕುಡಿದರು. ಅದಾದ ಮೇಲೆ ಚೊಂಬು ಎತ್ತಿ ಗಟಗಟ ಕುಡಿದದ್ದು ನೋಡಿ ನಾವೆಲ್ಲ ನಮ್ಮ ಗಂಟಲೇ ತಣ್ಣಗಾದಂತೆ ಉಸಿರು ಬಿಟ್ಟ ಸದ್ದು ಬೀದಿಗೆ ಕೇಳಿರಬೇಕು.

ಆಗ ಶುರುವಾಯಿತು ಬೆಂಗಳೂರಿನವರಿಗೆ ಬೈಗುಳ. "ಬೋಳಿಮಕ್ಳು, ತೂತು ಮಾಡಿ ಮುಚ್ದೆ ಕಳ್ಸವ್ರೆ" ಎಂದು ಯಜಮಾನರು, "ವಾಳ್ಳ ಕೈ ಸೇದೋಗ" ಎಂದು ಚಿಕ್ಕತ್ತೆ. ಎಲ್ಲರೂ ನನ್ನನ್ನು ಹೊಗಳುವವರೇ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆ ದಿನದ ಹೊಗಳಿಕೆಯನ್ನು ಜೀವಮಾನವೆಲ್ಲ ಉಣ್ಣಬಹುದಿತ್ತು. ತೂತು ಮುಚ್ಚಿಯಾಗಿತ್ತು, ಮತ್ತೆ ಬಿಚ್ಚಿದವಳು ನಾನು ಎಂದು ಯಾರಿಗೂ ಗೊತ್ತಿರಲಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪಕ್ಕದ ಎಲೆಯ ನೊಣ ಎಣಿಸುವವರನ್ನು ಕಂಡು ಎಷ್ಟು ನಕ್ಕಿದ್ದೆನೋ. ಆ ಬೆಂಕಿಕಡ್ಡಿ ಸಿಕ್ಕಿಸಿದವನಿಗೂ ಯಾರೋ ಪಾವಗಡದಿಂದ ನೆಂಟರು ಬಂದಿದ್ದರೋ ಏನೋ!

ಗದ್ದಲ ಕಡಿಮೆಯಾಗಿ, ಅತ್ತೆಗೆ ನಾನು ಗಂಜಿ ಬಡಿಸುವಾಗ ನಾವಿಬ್ಬರೇ ಇದ್ದೆವು.

"ಅತ್ತೆ, ತೂತು ಅವ್ರು ಮಾಡಿದ್ದೇ. ಆದ್ರೆ ನಾನು ಅದನ್ನ ಮುಚ್ಚಿದ್ದೆ. ಶನಿವಾರ ಬಿಚ್ಚಿ, ಎರಡೇ ಹೊಲಿಗೆ ಹಾಕಿ, ನಾಳೆ ಹೊಲಿಯೋಣ ಅಂತ ಎದ್ದುಬಿಟ್ಟೆ. ನಿಮ್ ಜೀವಕ್ಕೆ ಕುತ್ತು ತಂದೋಳು ನಾನೇ." ಅಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತು.

ಅತ್ತೆ ಗಂಜಿಯ ಬಟ್ಟಲು ಕೆಳಗಿಟ್ಟರು. ಬಾಗಿಲ ಕಡೆ ಒಮ್ಮೆ ನೋಡಿ, ಸೊಂಟದಿಂದ ಆ ಹಳೆಯ ಶಿವದಾರವನ್ನು ತೆಗೆದು ನನ್ನ ಕೈಗಿಟ್ಟರು.

"ನೋಡಿಲ್ಲಿ. ಹರಿದೈತಾ?"

ನೋಡಿದೆ. ಎಲ್ಲೂ ಹರಿದಿರಲಿಲ್ಲ, ಯಾವ ಮೊಳೆಯೂ ಕತ್ತರಿಸಿರಲಿಲ್ಲ. ಎರಡು ತುದಿಯೂ ಸವೆದು ಕುಂಚದಂತಾಗಿದ್ದವು, ಸುಮ್ಮನೆ ಬಿಚ್ಚಿಕೊಂಡಿದ್ದವು.

"ತಿಂಗಳಿಂದ ಸವ್ದಿತ್ತು ಕಣಮ್ಮ. ಹೊಸ ದಾರ ಹೊಸೀಬೇಕು ಅಂತ ಒಂದು ಗಂಟು ಹಾಕ್ಕಂಡಿದ್ದೆ. ಬರೋ ಸೋಮ್ವಾರ ಹೊಸಿಯಾನ, ಆ ಸೋಮ್ವಾರ ಹೊಸಿಯಾನ ಅಂತ ತಳ್ಕಂಡು ಬಂದೆ. ನಿಂದು ಎರಡು ಹೊಲಿಗೆ, ನಂದು ಒಂದು ಗಂಟು. ನಿಂಗಿಂತ ನಾನೇ ಒಂದು ಕಮ್ಮಿ ಹಾಕಿರೋದು." ಹೇಳಿ ಮುಗಿಸಿ, ಬಿರಿದ ತುಟಿ ಉರಿದರೂ ನಕ್ಕುಬಿಟ್ಟರು. ನಾನು ಅಳುತ್ತಲೇ ನಕ್ಕೆ. "ಮಲ್ಲಣ್ಣನ ಕೈಲಿ ಹೇಳ್ಬ್ಯಾಡ" ಎಂದೂ ಸೇರಿಸಿದರು. "ಅವ್ನು ಬೆಂಗ್ಳೂರೋರನ್ನ ಬೈಯ್ಕಂಡು ಸಂತೋಷವಾಗವ್ನೆ, ಇರ್ಲಿ."

ಆ ಸಂಜೆ ಬೆಳಕಿರುವಾಗಲೇ ಅವರು ಕಾರಿನ ಹತ್ತಿರ ಬಂದು, ಯಾವತ್ತೂ ಬೆರಳು ಹಾಕದ ಆ ಜೇಬಿನೊಳಗೆ ಕೈಯಿಟ್ಟು ತೇಪೆಯನ್ನು ಒತ್ತಿ ಹಿಡಿದುಕೊಂಡರು. ನಾನು ಸುತ್ತಲೂ ಒಂದು ಹೊಲಿಗೆಯನ್ನೂ ಬಿಡದೆ ಹೊಲಿದೆ. ಕಾಲು ಚಾಚಿ ಸೀಟಿನ ಮೇಲೆ ಕೂತಿದ್ದವರು ಒಮ್ಮೆ ಕೆಳಗೆ ಕೈಯಿಂದ ಒತ್ತಿ ನೋಡಿ, "ಮೆತ್ತಗೈತೆ ಕಣೇ" ಎಂದರು. ನಾನು ಕೇಳಿಸದವಳಂತೆ ದಬ್ಬಣಕ್ಕೆ ಹುರಿ ಪೋಣಿಸಿದೆ.

ಮಾರನೆಯ ದಿನ ಹೊಸ ಶಿವದಾರ ಹೊಸೆದವಳು ನಾನು. ಗಂಟು ಹಾಕಲು ಅತ್ತೆ ನನ್ನ ಕಡೆಗೇ ಕೊರಳು ಬಗ್ಗಿಸಿದರು. ಅಲ್ಲಿಂದ ಅವರು ಕಣ್ಣು ಮುಚ್ಚುವವರೆಗೂ ಆ ದಾರ ಬದಲಾದಾಗಲೆಲ್ಲ ಗಂಟು ಹಾಕಿದ್ದು ನಾನೇ. ಪ್ರತಿ ಸಲವೂ ನಾನು ಗಂಟು ಬಿಗಿದ ಮೇಲೆ ಅವರು ನನ್ನ ಮುಖವನ್ನೇ ನೋಡುತ್ತ, ದಾರವನ್ನು ಎರಡು ಸಲ ಎಳೆದು ನೋಡುತ್ತಿದ್ದರು. ಆಮೇಲೆ ನನ್ನ ಕೈ ಹಿಡಿದು, "ನಿನ್ ಎರಡು ಹೊಲಿಗೆಗೆ ಎಳ್ದಾಯ್ತು, ಈಗ ನನ್ ಗಂಟಿಗೆ ನೀನೂ ಒಂದ್ಸಲ ಎಳ್ದು ನೋಡಮ್ಮ" ಎನ್ನುತ್ತಿದ್ದರು.